ಸೈನಿಕ ಕಲ್ಯಾಣ ಕಚೇರಿಯಿಂದ ಬರಿಗೈಯಲ್ಲಿ ಮರಳದಿರಲು: ಮಾಜಿ ಸೈನಿಕರಿಗೂ ಅವರ ಮನೆಯವರಿಗೂ ಹಂತ ಹಂತದ ಮಾರ್ಗದರ್ಶಿ

ಬೆಳಗಿನ ಮೊದಲ ಬಸ್ಸು ಹಿಡಿದು ಜಿಲ್ಲಾ ಕೇಂದ್ರಕ್ಕೆ ಬಂದು, ಕಚೇರಿಯ ಬಾಗಿಲು ತೆರೆಯುವ ಮೊದಲೇ ಕಟ್ಟೆಯ ಮೇಲೆ ಕಾದು ಕುಳಿತವರು ಹನ್ನೊಂದು ಗಂಟೆಗೆಲ್ಲ ಮತ್ತೆ ಬಸ್ ನಿಲ್ದಾಣದಲ್ಲಿರುತ್ತಾರೆ. ಏನಾಯಿತು ಎಂದು ಕೇಳಿದರೆ ‘ಹೆಂಡತಿಯ ಹೆಸರು ತಾಳೆಯಾಗುತ್ತಿಲ್ಲವಂತೆ’ ಎನ್ನುತ್ತಾರೆ. ಇಲ್ಲವೇ ‘ಆನ್‌ಲೈನಿನಲ್ಲಿ ಹಾಕಬೇಕಂತೆ’, ‘ಇದು ಈ ಕಚೇರಿಯಲ್ಲಿ ಆಗುವ ಕೆಲಸವಲ್ಲವಂತೆ’. ಮೂರೂ ಬೇರೆ ಬೇರೆ ತೊಂದರೆಯಂತೆ ಕಾಣುತ್ತವೆ. ಆದರೆ ಮೂವರೂ ಮಾಡಿದ ತಪ್ಪು ಒಂದೇ: ಕಾಗದಪತ್ರ ಸರಿಪಡಿಸಿಕೊಳ್ಳುವ, ಯಾವ ಕೆಲಸ ಎಲ್ಲಿ ಎಂದು ತಿಳಿದುಕೊಳ್ಳುವ ಮೊದಲೇ ಅರ್ಜಿಗೆ ಕೈಹಾಕಿದ್ದಾರೆ.

ನಾನು ಸೇನೆಯಲ್ಲಿ ಕ್ಲರ್ಕ್ ಆಗಿದ್ದವನು. ನಿವೃತ್ತಿಯ ಮೇಲೆ ಊರಿನ ಮಾಜಿ ಸೈನಿಕರ ಅರ್ಜಿಗಳನ್ನು ತುಂಬಿಕೊಡುತ್ತ ಬಂದಿದ್ದೇನೆ. ಜನ ಎಲ್ಲಿ ಎಡವುತ್ತಾರೋ ಅಲ್ಲಿ ಹೆಚ್ಚು ಹೊತ್ತು ನಿಂತು, ಉಳಿದ ಕಡೆ ಬೇಗ ದಾಟಿಕೊಂಡು ಹೋಗುತ್ತೇನೆ. ಉದಾಹರಣೆಗಳು ಭೂಸೇನೆಯವು, ನೌಕಾಪಡೆ, ವಾಯುಪಡೆಯವರಿಗೂ ದಾರಿ ಇದೇ, ದಾಖಲೆ ಕಚೇರಿ (ರೆಕಾರ್ಡ್ ಆಫೀಸ್) ಮಾತ್ರ ಬೇರೆ.

ಹೊರಡುವ ಮೊದಲು: ಯಾವ ಕೆಲಸ ಯಾರ ಕೈಯಲ್ಲಿದೆ

ಕರ್ನಾಟಕದಲ್ಲಿ ಮಾಜಿ ಸೈನಿಕರ ಕೆಲಸಗಳಿಗೆಂದೇ ರಾಜ್ಯ ಸರ್ಕಾರದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಇದೆ. ಕೇಂದ್ರ ಕಚೇರಿ ಬೆಂಗಳೂರಿನಲ್ಲಿದೆ. ಜಿಲ್ಲೆಯ ಕಚೇರಿಗೆ ಜಂಟಿ ನಿರ್ದೇಶಕರೋ ಉಪನಿರ್ದೇಶಕರೋ ಮುಖ್ಯಸ್ಥರು. ಎಲ್ಲ ಜಿಲ್ಲೆಗಳಲ್ಲೂ ಕಚೇರಿ ಇಲ್ಲ; ಉಡುಪಿ ಜಿಲ್ಲೆಯವರ ಕೆಲಸ ಮಂಗಳೂರಿನ ಕಚೇರಿಯಲ್ಲಿ ಆಗುತ್ತದೆ. ನಿಮ್ಮ ತಾಲ್ಲೂಕು ಯಾವ ಕಚೇರಿಗೆ ಸೇರಿದೆ ಎಂದು ಫೋನಿನಲ್ಲಿ ಕೇಳಿಕೊಂಡೇ ಹೊರಡಿ.

ಈ ಕಚೇರಿ ನಿಮ್ಮನ್ನು ಗುರುತಿಸುತ್ತದೆ, ದಾಖಲೆ ನೋಡಿ ದೃಢೀಕರಿಸುತ್ತದೆ, ಶಿಫಾರಸು ಬರೆದು ಮುಂದಕ್ಕೆ ಕಳುಹಿಸುತ್ತದೆ. ಬಹುಪಾಲು ಸೌಲಭ್ಯಗಳ ಮಂಜೂರಾತಿ ಬೇರೆಯವರ ಕೈಯಲ್ಲಿದೆ. ಇದು ತಿಳಿಯದೆ ಉಪನಿರ್ದೇಶಕರ ಮುಂದೆ ಪಿಂಚಣಿ ಬಾಕಿಗಾಗಿ ಜಗಳವಾಡಿದವರನ್ನು ಕಂಡಿದ್ದೇನೆ. ಬಾಗಿಲುಗಳು ಹೀಗಿವೆ:

ಪಿಂಚಣಿಯ ಮೊತ್ತ, ಬಾಕಿ, ಜೀವಂತ ಪ್ರಮಾಣಪತ್ರ: ಸೇನಾ ಪಿಂಚಣಿಯ ಆನ್‌ಲೈನ್ ತಾಣವಾದ ‘ಸ್ಪರ್ಶ್’ ಪೋರ್ಟಲ್ ಮತ್ತು ಪ್ರಯಾಗರಾಜ್‌ನಲ್ಲಿರುವ ಪಿಸಿಡಿಎ (ರಕ್ಷಣಾ ಲೆಕ್ಕಪತ್ರಗಳ ಪ್ರಧಾನ ನಿಯಂತ್ರಕರ) ಪಿಂಚಣಿ ಕಚೇರಿ.

ಸೇವಾ ದಾಖಲೆಯಲ್ಲಿನ ಹೆಸರು, ಮದುವೆ, ಮಕ್ಕಳು, ಜನ್ಮದಿನಾಂಕ: ನಿಮ್ಮ ರೆಜಿಮೆಂಟಿನ ರೆಕಾರ್ಡ್ ಆಫೀಸ್.

ಚಿಕಿತ್ಸೆ: ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಪಾಲಿಕ್ಲಿನಿಕ್. ಕ್ಯಾಂಟೀನ್ ಕಾರ್ಡ್: ನೀವು ಸಾಮಾನು ತರುವ ಮಿಲಿಟರಿ ಕ್ಯಾಂಟೀನ್. ಜಮೀನು ಮಂಜೂರಾತಿ: ತಹಶೀಲ್ದಾರರ ಕಚೇರಿ.

ಮಾಜಿ ಸೈನಿಕರ ಗುರುತಿನ ಚೀಟಿ, ಮಕ್ಕಳ ಶಿಕ್ಷಣ ಮತ್ತು ಮದುವೆಯ ಸಹಾಯಧನ, ಬಡತನದ ಸಹಾಯಧನ, ವಿದ್ಯಾರ್ಥಿವೇತನದ ದೃಢೀಕರಣ, ಸಿಇಟಿ ಮೀಸಲಾತಿಯ ಪ್ರಮಾಣಪತ್ರ: ಇವಕ್ಕೆಲ್ಲ ಸೈನಿಕ ಕಲ್ಯಾಣ ಕಚೇರಿ. ಮೇಲಿನ ಬಾಗಿಲುಗಳಲ್ಲಿ ಎಲ್ಲಿಯಾದರೂ ಕೆಲಸ ನಿಂತುಹೋದರೆ ನಿಮ್ಮ ಪರವಾಗಿ ಪತ್ರ ಬರೆಯುವುದೂ ಇದೇ ಕಚೇರಿ. ಆ ಪತ್ರದ ಬೆಲೆ ದೊಡ್ಡದು, ಹಂತ 3ರಲ್ಲಿ ಅದು ಬರುತ್ತದೆ.

ಹಂತ 1: ಟ್ರಂಕು ತೆರೆಯಿರಿ

ಬೂಟಿನ ಲೇಸನ್ನೂ ಎಣಿಸಿ ಒಪ್ಪಿಸಿ ಬಂದವರು ಸೇವೆಯಿಂದ ಬಿಡುವಾಗ ಕೊಟ್ಟ ಡಿಸ್ಚಾರ್ಜ್ ಬುಕ್ಕನ್ನು ಮಾತ್ರ ಕಪ್ಪು ಟ್ರಂಕಿನ ತಳದಲ್ಲಿ ಉಲ್ಲನ್ ಸ್ವೆಟರಿನ ಕೆಳಗೆ ಇಟ್ಟು ಮರೆತಿರುತ್ತಾರೆ. ಅದನ್ನು ತೆಗೆಯಿರಿ. ಅದರ ಜೊತೆ ಇವೂ ಬೇಕು: ಪಿಪಿಒ, ಅಂದರೆ ಪಿಂಚಣಿ ಆದೇಶ, ಮತ್ತು ಅದಕ್ಕೆ ಆಮೇಲೆ ಬಂದ ತಿದ್ದುಪಡಿ ಆದೇಶಗಳು, ಗಂಡ ಹೆಂಡತಿ ಇಬ್ಬರ ಆಧಾರ್ ಮತ್ತು ಪ್ಯಾನ್, ಮದುವೆ ನೋಂದಣಿ ಪತ್ರ, ಮಕ್ಕಳ ಜನನ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಗಂಡ ಹೆಂಡತಿ ಒಟ್ಟಿಗೆ ಇರುವ ಫೋಟೋ.

ಡಿಸ್ಚಾರ್ಜ್ ಬುಕ್ಕಿನ ಪುಟಗಳನ್ನೆಲ್ಲ ಸ್ಕ್ಯಾನ್ ಮಾಡಿಸಿ. ಮೊದಲ ಪುಟ ಮಾತ್ರ ಸಾಕು ಎಂದುಕೊಂಡು ಹೋದವರನ್ನು, ಕುಟುಂಬದ ವಿವರವಿರುವ ಪುಟ ಮತ್ತು ಸೇವೆಯಿಂದ ಬಿಡುಗಡೆಯಾದ ಕಾರಣವಿರುವ ಪುಟ ತನ್ನಿ ಎಂದು ಹಿಂದಕ್ಕೆ ಕಳುಹಿಸುತ್ತಾರೆ. ಬಿಡುಗಡೆಯ ಕಾರಣ ಮುಖ್ಯ. ಪಿಂಚಣಿ ಪಡೆದು ಬಂದವರು, ಸೇವೆಯಲ್ಲಿ ಆದ ಅಂಗವೈಕಲ್ಯದಿಂದ ಬಿಡುಗಡೆಯಾದವರು, ಒಪ್ಪಂದದ ಅವಧಿ ಮುಗಿಸಿ ಗ್ರಾಚ್ಯುಟಿ ಪಡೆದು ಬಂದವರು ಮಾಜಿ ಸೈನಿಕರ ವ್ಯಾಖ್ಯೆಗೆ ಸೇರುತ್ತಾರೆ. ಶಿಸ್ತುಕ್ರಮದಿಂದ ವಜಾ ಆದವರು ಸೇರುವುದಿಲ್ಲ.

ಡಿಸ್ಚಾರ್ಜ್ ಬುಕ್ ಕಳೆದುಹೋಗಿದ್ದರೆ ಇಲ್ಲೇ ನಿಲ್ಲಿ, ಮುಂದಿನ ಹಂತಕ್ಕೆ ಹೋಗಬೇಡಿ. ಪೊಲೀಸರಿಗೆ ದೂರು ಕೊಟ್ಟು, ಅದರ ಪ್ರತಿ ಮತ್ತು ನೋಟರಿ ಮಾಡಿಸಿದ ಅಫಿಡವಿಟ್ ಸೇರಿಸಿ ಸೈನಿಕ ಕಲ್ಯಾಣ ಕಚೇರಿಯ ಮೂಲಕ ರೆಕಾರ್ಡ್ ಆಫೀಸಿಗೆ ಬರೆಯಿರಿ. ಪುಸ್ತಕದ ಬದಲಿಗೆ ಸೇವಾ ಪ್ರಮಾಣಪತ್ರ ಬರುತ್ತದೆ.

ಬೇಕಾದ ಸಾಮಗ್ರಿ ಹೆಚ್ಚೇನಿಲ್ಲ: ಮೂಲ ದಾಖಲೆಗಳಿಗೆ ಒಂದು ಗಟ್ಟಿ ಫೈಲು, ಮೂರು ಜೊತೆ ಜೆರಾಕ್ಸ್, ಆಧಾರಿಗೆ ಜೋಡಣೆಯಾದ ಮೊಬೈಲ್ ಸಂಖ್ಯೆ, ನಿಮ್ಮದೇ ಇಮೇಲ್ ವಿಳಾಸ. ‘ನಿಮ್ಮದೇ’ ಎಂದು ಒತ್ತಿ ಹೇಳಲು ಕಾರಣವಿದೆ. ಸೈಬರ್ ಕೇಂದ್ರದ ಹುಡುಗನ ಮೊಬೈಲ್ ಸಂಖ್ಯೆ ಹಾಕಿ ಅರ್ಜಿ ತುಂಬಿಸಿದವರಿಗೆ, ಅರ್ಜಿಗೆ ಆಕ್ಷೇಪಣೆ ಬಂದ ಸುದ್ದಿ ತಲುಪುವುದೇ ಇಲ್ಲ. ಆ ಹುಡುಗ ಅಂಗಡಿ ಮುಚ್ಚಿ ಬೆಂಗಳೂರಿಗೆ ಹೋಗಿರುತ್ತಾನೆ.

ಹಂತ 2: ಮೂರು ಕಾಗದ ಒಂದೇ ಹೆಸರು ಹೇಳುತ್ತಿವೆಯೇ ನೋಡಿ

ಇಡೀ ಕೆಲಸ ನಿಂತಿರುವುದು ಈ ಹಂತದ ಮೇಲೆ. ಡಿಸ್ಚಾರ್ಜ್ ಬುಕ್, ಪಿಪಿಒ, ಆಧಾರ್ ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಡಿ. ಬಿಳಿ ಹಾಳೆಯಲ್ಲಿ ಮೂರು ಅಂಕಣ ಎಳೆದು ನಿಮ್ಮ ಹೆಸರು, ತಂದೆಯ ಹೆಸರು, ಜನ್ಮದಿನಾಂಕ, ಹೆಂಡತಿಯ ಹೆಸರು ಮತ್ತು ಜನ್ಮದಿನಾಂಕ, ಪ್ರತಿ ಮಗುವಿನ ಹೆಸರು ಮತ್ತು ಜನ್ಮದಿನಾಂಕವನ್ನು ಇಂಗ್ಲಿಷ್ ಕಾಗುಣಿತದಲ್ಲೇ, ಅಕ್ಷರ ಅಕ್ಷರ ನೋಡಿ ಬರೆದುಕೊಳ್ಳಿ. ಕಣ್ಣಾಡಿಸಿ ‘ಎಲ್ಲ ಸರಿಯಿದೆ’ ಎನ್ನಬೇಡಿ. ಬರೆದಾಗಲೇ ವ್ಯತ್ಯಾಸ ಕಾಣುವುದು.

ನಮ್ಮ ಕಡೆ ವ್ಯತ್ಯಾಸ ಬರುವ ಬಗೆಗಳು ನನಗೆ ಬಾಯಿಪಾಠ. ಹಳೆ ಮೈಸೂರಿನ ಕಡೆಯವರದು ಇನಿಷಿಯಲ್ ಗೋಳು: ಸೇನೆಯಲ್ಲಿ ಬರಿಯ ರಾಮೇಗೌಡ, ಆಧಾರಿನಲ್ಲಿ ಊರು ಮತ್ತು ತಂದೆಯ ಹೆಸರಿನ ಅಕ್ಷರಗಳು ಮುಂದೆ, ಪ್ಯಾನಿನಲ್ಲಿ ಅದೇ ಅಕ್ಷರಗಳು ಬಿಡಿಸಿಕೊಂಡು ಹಿಂದೆ. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ಒಮ್ಮೆ ಇದೆ, ಒಮ್ಮೆ ಇಲ್ಲ. ಹೆಂಡತಿ ಊರಿನಲ್ಲಿ ನೀಲವ್ವ, ಪಡಿತರ ಚೀಟಿಯಲ್ಲಿ ನೀಲಮ್ಮ, ಮದುವೆಯ ಹೊತ್ತಿಗೆ ಯೂನಿಟ್ಟಿನ ಹಿಂದಿ ಕ್ಲರ್ಕ್ ಬರೆದುಕೊಂಡಂತೆ ನೀಲಾ ದೇವಿ. ಕನ್ನಡದ ಮನೆಯಲ್ಲಿ ಎಂದೂ ಇಲ್ಲದ ‘ದೇವಿ’ ಸೇನಾ ದಾಖಲೆಯಲ್ಲಿ ಎಷ್ಟೋ ಹೆಂಗಸರ ಹೆಸರಿಗೆ ಅಂಟಿಕೊಂಡಿದೆ. ಜನ್ಮದಿನಾಂಕದ್ದು ಇನ್ನೊಂದು ಕಥೆ: ಶಾಲೆಯ ಮೇಷ್ಟರು ಬರೆದ ಜೂನ್ 1 ಒಂದು ಕಡೆ, ಆಧಾರ್ ನೋಂದಣಿಯಲ್ಲಿ ಅಂದಾಜಿನ ವಯಸ್ಸಿಗೆ ಬಿದ್ದ ಜನವರಿ 1 ಇನ್ನೊಂದು ಕಡೆ.

ಹೆಂಡತಿಯ ಜನ್ಮದಿನಾಂಕವನ್ನು ಹಗುರವಾಗಿ ಕಾಣಬೇಡಿ. 80 ವರ್ಷ ತುಂಬಿದ ಮೇಲೆ ಕುಟುಂಬ ಪಿಂಚಣಿಗೂ ಶೇ 20ರಷ್ಟು ಹೆಚ್ಚುವರಿ ಸೇರುತ್ತದೆ, 85ಕ್ಕೆ ಅದು ಶೇ 30 ಆಗುತ್ತದೆ. ಪಿಂಚಣಿ ದಾಖಲೆಯಲ್ಲಿ ಅವರ ಜನ್ಮದಿನಾಂಕವೇ ಇಲ್ಲದಿದ್ದರೆ ಆ ಹಣ ತಾನಾಗಿ ಬರುವುದಿಲ್ಲ.

ಈಗ ಯಾವುದನ್ನು ತಿದ್ದಿಸುವುದು? ಸೇನಾ ದಾಖಲೆ ಸರಿಯಾಗಿದ್ದು ಆಧಾರ್ ತಪ್ಪಿದ್ದರೆ ಆಧಾರ್ ತಿದ್ದಿಸಿ. ಅದು ಬೇಗ ಮುಗಿಯುತ್ತದೆ. ಆದರೆ ಆಧಾರಿನಲ್ಲಿ ಹೆಸರನ್ನು ಎರಡು ಸಲ, ಜನ್ಮದಿನಾಂಕವನ್ನು ಒಂದೇ ಸಲ ಬದಲಿಸಲು ಅವಕಾಶ. ಅವಸರದಲ್ಲಿ ತಪ್ಪಾಗಿ ತಿದ್ದಿಸಿ ಆ ಮಿತಿ ಮುಗಿದರೆ ಇನ್ನೊಂದು ಅವಕಾಶಕ್ಕೆ ಪ್ರಾದೇಶಿಕ ಕಚೇರಿಯ ಮೆಟ್ಟಿಲು ಹತ್ತಬೇಕಾಗುತ್ತದೆ. ಸೇನಾ ದಾಖಲೆಯಲ್ಲೇ ತಪ್ಪಿದ್ದರೆ, ಇಲ್ಲವೇ ಹೆಂಡತಿ ಮಕ್ಕಳ ಹೆಸರೇ ಅಲ್ಲಿ ಇಲ್ಲದಿದ್ದರೆ, ಹಂತ 3ಕ್ಕೆ ಹೋಗಿ. ಎಲ್ಲವೂ ತಾಳೆಯಾದವರು ನೇರ ಹಂತ 4ಕ್ಕೆ ಹೋಗಬಹುದು.

‘ಈ ಎರಡೂ ಹೆಸರು ಒಬ್ಬರದೇ’ ಎಂಬ ಅಫಿಡವಿಟ್ ಮಾಡಿಸಿಕೊಂಡರೆ ಆಯಿತು ಎಂದು ಹಲವರು ಹೇಳುತ್ತಾರೆ. ಊರಿನ ಬ್ಯಾಂಕಿನಲ್ಲಿ ಅದು ನಡೆಯಬಹುದು. ಸ್ಪರ್ಶ್‌ನಲ್ಲಿ ತಾಳೆ ನೋಡುವುದು ಕಂಪ್ಯೂಟರ್. ಅದಕ್ಕೆ ಛಾಪಾ ಕಾಗದ ಓದಲು ಬರುವುದಿಲ್ಲ.

ಹಂತ 3: ರೆಕಾರ್ಡ್ ಆಫೀಸಿನಲ್ಲಿ ದಾಖಲಾತಿ

ಸೇವೆಯಲ್ಲಿದ್ದಾಗ ಮದುವೆಯಾದರೆ, ಮಗು ಹುಟ್ಟಿದರೆ ಯೂನಿಟ್ಟು ಅದನ್ನು ದಾಖಲೆಗೆ ಸೇರಿಸುವ ‘ಪಾರ್ಟ್ ಟೂ ಆರ್ಡರ್’ ಹೊರಡಿಸುತ್ತದೆ. ಆ ಆದೇಶ ಹೊರಡದಿದ್ದರೆ ಸೇನೆಯ ಲೆಕ್ಕದಲ್ಲಿ ನಿಮಗೆ ಹೆಂಡತಿಯೂ ಇಲ್ಲ, ಮಕ್ಕಳೂ ಇಲ್ಲ. ರಜೆಯಲ್ಲಿ ಬಂದು ಮದುವೆಯಾಗಿ, ಕಾಗದ ಕೊಡಲು ಮರೆತು, ನಿವೃತ್ತಿಯಾದ ಮೇಲೆ ಎಚ್ಚರಗೊಂಡವರು ಹಳೆಯ ತಲೆಮಾರಿನಲ್ಲಿ ಬಹಳ ಮಂದಿ.

ಮೊದಲು ನಿಮ್ಮ ರೆಕಾರ್ಡ್ ಆಫೀಸ್ ಎಲ್ಲಿದೆ ಎಂದು ತಿಳಿಯಿರಿ. ಮದ್ರಾಸ್ ಎಂಜಿನಿಯರ್ ಗ್ರೂಪಿನವರದು ಬೆಂಗಳೂರಿನಲ್ಲಿ, ಮರಾಠಾ ಲೈಟ್ ಇನ್‌ಫೆಂಟ್ರಿಯವರದು ಬೆಳಗಾವಿಯಲ್ಲಿ, ಮದ್ರಾಸ್ ರೆಜಿಮೆಂಟಿನವರದು ನೀಲಗಿರಿಯ ವೆಲಿಂಗ್ಟನ್‌ನಲ್ಲಿ, ಆರ್ಟಿಲರಿಯವರದು ನಾಸಿಕ್ ರೋಡ್‌ನಲ್ಲಿ, ಇಎಂಇಯವರದು ಸಿಕಂದರಾಬಾದಿನಲ್ಲಿ, ಸಿಗ್ನಲ್ಸ್‌ನವರದು ಜಬಲ್ಪುರದಲ್ಲಿದೆ. ಡಿಸ್ಚಾರ್ಜ್ ಬುಕ್ಕಿನ ಮೊಹರಿನಲ್ಲೂ ಹೆಸರಿರುತ್ತದೆ.

ಅರ್ಜಿಯೊಡನೆ ಇಡಬೇಕಾದ ಕಾಗದಗಳು: ನೀವೇ ಸಹಿ ಮಾಡಿದ ಮನವಿ, ಉಪನೋಂದಣಾಧಿಕಾರಿ ಕಚೇರಿಯ ಮದುವೆ ನೋಂದಣಿ ಪತ್ರ, ಜಂಟಿ ಫೋಟೋ, ಇಬ್ಬರ ಆಧಾರ್ ಮತ್ತು ಪ್ಯಾನ್, ಅಫಿಡವಿಟ್, ಡಿಸ್ಚಾರ್ಜ್ ಬುಕ್ ಮತ್ತು ಪಿಪಿಒ ಪ್ರತಿ. ಮಕ್ಕಳ ಹೆಸರು ಸೇರಿಸಲು ಜನನ ಪ್ರಮಾಣಪತ್ರ. ಹೆಸರೇ ಬದಲಾಗುವಂತಿದ್ದರೆ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ ತುಣುಕನ್ನೂ ಕೇಳುತ್ತಾರೆ. ಮೂವತ್ತು ವರ್ಷದ ಹಿಂದಿನ ಮದುವೆಯನ್ನು ಈಗ ನೋಂದಾಯಿಸಬಹುದೇ ಎಂದು ಸಂಕೋಚಪಡಬೇಡಿ, ನೋಂದಾಯಿಸಬಹುದು. ಲಗ್ನಪತ್ರಿಕೆ ಸಿಕ್ಕರೆ ಒಳ್ಳೆಯದು.

ಈ ಕಂತೆಯನ್ನು ಮನೆಯಿಂದಲೇ ಅಂಚೆಗೆ ಹಾಕಬೇಡಿ. ಸೈನಿಕ ಕಲ್ಯಾಣ ಕಚೇರಿಗೆ ಒಯ್ದು, ದೃಢೀಕರಿಸಿ, ಕಚೇರಿಯ ಕವರಿಂಗ್ ಪತ್ರದೊಡನೆ ಕಳುಹಿಸುವಂತೆ ಕೇಳಿ. ನಿವೃತ್ತರೊಬ್ಬರ ಬಿಡಿ ಪತ್ರ ಟಪಾಲು ಕಟ್ಟಿನಲ್ಲಿ ಒಂದಾಗಿ ಕುಳಿತುಕೊಳ್ಳುತ್ತದೆ. ಜಿಲ್ಲಾ ಕಚೇರಿಯ ಪತ್ರಕ್ಕೆ ಸಂಖ್ಯೆ ಇರುತ್ತದೆ, ಉತ್ತರ ಕೊಡಲೇಬೇಕಾಗುತ್ತದೆ. ಆ ಪತ್ರದ ಸಂಖ್ಯೆ ಮತ್ತು ದಿನಾಂಕವನ್ನು ಬರೆದುಕೊಳ್ಳದೆ ಕಚೇರಿಯಿಂದ ಹೊರಬರಬೇಡಿ.

ಮನೆಯಲ್ಲಿ ಅಂಗವಿಕಲ ಮಗುವಿದ್ದರೆ ಈ ಹಂತ ಇನ್ನೂ ಮುಖ್ಯ. ಸಾಮಾನ್ಯವಾಗಿ ಮಕ್ಕಳಿಗೆ ಕುಟುಂಬ ಪಿಂಚಣಿ 25ರ ವಯಸ್ಸಿನವರೆಗೆ. ತನ್ನ ದುಡಿಮೆಯಿಂದ ಬದುಕಲಾಗದ ಅಂಗವಿಕಲ ಮಗುವಿಗೆ ಜೀವನಪೂರ್ತಿ. ಆ ಮಗುವಿನ ಹೆಸರನ್ನು ತಂದೆ ತಾಯಿ ಇರುವಾಗಲೇ ಪಿಂಚಣಿ ದಾಖಲೆಗೆ ಸೇರಿಸಬಹುದು. ವೈದ್ಯಕೀಯ ಮಂಡಳಿಯ ಪ್ರಮಾಣಪತ್ರ ಬೇಕು, ಓಡಾಟವಿದೆ, ತಿಂಗಳುಗಳು ಹಿಡಿಯುತ್ತವೆ. ಅದನ್ನು ನೀವೇ ಓಡಾಡಿ ಮುಗಿಸಿ. ನಿಮ್ಮ ನಂತರ ಆ ಮಗುವನ್ನು ನೋಡಿಕೊಳ್ಳುವ ಅಣ್ಣನೋ ಅಕ್ಕನೋ ಸೇನೆಯ ಕಾಗದ ಒಂದನ್ನೂ ನೋಡಿರುವುದಿಲ್ಲ.

ಹಂತ 4: ನೋಂದಣಿ ಮತ್ತು ಗುರುತಿನ ಚೀಟಿ

ಕಾಗದಗಳು ಸರಿಯಾದ ಮೇಲೆ ಇದು ಸುಲಭ. ಮೂಲ ದಾಖಲೆ, ಜೆರಾಕ್ಸ್, ಫೋಟೋಗಳೊಂದಿಗೆ ಹೋಗಿ ಹೆಸರು ನೋಂದಾಯಿಸಿ ಗುರುತಿನ ಚೀಟಿ ಪಡೆಯಿರಿ. ಮುಂದಿನ ಎಲ್ಲ ಅರ್ಜಿಗೂ ಆ ಸಂಖ್ಯೆ ಬೇಕು.

ಇಲ್ಲಿ ಸಾಮಾನ್ಯ ತಪ್ಪು ಒಂದೇ. ಪುಣೆಯಲ್ಲೋ ಸಿಕಂದರಾಬಾದಿನಲ್ಲೋ ನಿವೃತ್ತರಾಗಿ ಅಲ್ಲೇ ನೋಂದಾಯಿಸಿಕೊಂಡವರು ಊರಿಗೆ ಬಂದ ಮೇಲೆ ಹೊಸದಾಗಿ ನೋಂದಾಯಿಸಲು ಹೊರಡುತ್ತಾರೆ. ಎರಡು ಕಡೆ ನೋಂದಣಿ ಇರುವಂತಿಲ್ಲ. ಹಳೆಯ ಜಿಲ್ಲೆಯಿಂದ ದಾಖಲೆ ವರ್ಗಾಯಿಸಿಕೊಳ್ಳಿ. ಹೊರರಾಜ್ಯದಲ್ಲೇ ನೆಲೆಸಿದ ಕನ್ನಡಿಗರು ಕೇಂದ್ರದ ಸಹಾಯಧನಕ್ಕೆ ಆಯಾ ಜಿಲ್ಲೆಯ ಸೈನಿಕ ಮಂಡಳಿಯಲ್ಲೇ ಅರ್ಜಿ ಹಾಕಬೇಕು.

ಹಂತ 5: ನಿಮಗೆ ಸಲ್ಲುವ ಸೌಲಭ್ಯ ಆರಿಸಿ ಅರ್ಜಿ ಹಾಕಿ

ರಕ್ಷಣಾ ಸಚಿವಾಲಯದ ಕೇಂದ್ರೀಯ ಸೈನಿಕ ಮಂಡಳಿ ಕೊಡುವ ಸಹಾಯಧನಗಳಿಗೆ ಅರ್ಜಿ ಮಂಡಳಿಯ ಪೋರ್ಟಲ್‌ನಲ್ಲಿ ಮಾತ್ರ. ಕಾಗದದ ಅರ್ಜಿ ಹಿಡಿದು ಕಚೇರಿಗೆ ಹೋದವರಿಗೆ ‘ಆನ್‌ಲೈನಿನಲ್ಲಿ ಹಾಕಿ’ ಎನ್ನುವುದು ಇದಕ್ಕೇ. ಅರ್ಜಿ ಮೊದಲು ನಿಮ್ಮ ಜಿಲ್ಲಾ ಕಚೇರಿಯ ಪರದೆಗೆ ಬರುತ್ತದೆ. ಅವರು ಮೂಲ ದಾಖಲೆ ನೋಡಿ ಒಪ್ಪಿದ ಮೇಲೆ ಬೆಂಗಳೂರಿಗೆ, ಅಲ್ಲಿಂದ ದೆಹಲಿಗೆ. ಹಣ ನೇರ ಬ್ಯಾಂಕ್ ಖಾತೆಗೆ.

ಸಚಿವಾಲಯ 2025ರ ಅಕ್ಟೋಬರಿನಲ್ಲಿ ಮೂರು ಸಹಾಯಧನಗಳನ್ನು ಇಮ್ಮಡಿ ಮಾಡಿತು. 2025ರ ನವೆಂಬರ್ 1ರಿಂದ ಸಲ್ಲಿಸಿದ ಅರ್ಜಿಗಳಿಗೆ ಹೊಸ ದರ. ಹಳೆಯ ಮೊತ್ತ ಬರೆದ ಕರಪತ್ರಗಳು ಇನ್ನೂ ಹರಿದಾಡುತ್ತಿವೆ, ನಂಬಬೇಡಿ.

ಬಡತನದ ಸಹಾಯಧನ: ಪಿಂಚಣಿ ಇಲ್ಲದ, 65 ದಾಟಿದ ಮಾಜಿ ಸೈನಿಕರಿಗೆ ಮತ್ತು ಅಂಥವರ ವಿಧವೆಯರಿಗೆ ತಿಂಗಳಿಗೆ 8,000 ರೂಪಾಯಿ. ಹವಾಲ್ದಾರ್ ದರ್ಜೆಯವರೆಗೆ. ಎರಡನೆಯ ಮಹಾಯುದ್ಧದ ನಂತರದ ವರ್ಷಗಳಲ್ಲಿ, 60–70ರ ದಶಕದಲ್ಲಿ ಕಡಿಮೆ ಅವಧಿಯ ಸೇವೆ ಮಾಡಿ ಪಿಂಚಣಿಯಿಲ್ಲದೆ ಬಂದವರ ಮನೆಗಳು ಹಳ್ಳಿಗಳಲ್ಲಿ ಇನ್ನೂ ಇವೆ. ‘ನಮ್ಮ ತಾತ ಮಿಲಿಟರಿಯಲ್ಲಿದ್ದರು, ಪಿಂಚಣಿ ಬರಲಿಲ್ಲ’ ಎನ್ನುವ ಮನೆಯಲ್ಲಿ ಅಜ್ಜಿ ಬದುಕಿದ್ದರೆ ತಾತನ ಡಿಸ್ಚಾರ್ಜ್ ಕಾಗದ ಹುಡುಕಿ. ಅರ್ಹರಿದ್ದೂ ಕೇಳದೆ ಉಳಿದವರು ಈ ಸೌಲಭ್ಯದಲ್ಲೇ ಹೆಚ್ಚು ಎಂಬುದು ನನ್ನ ಅನುಭವ.

ಶಿಕ್ಷಣ ಸಹಾಯಧನ: ಇದೂ ಹವಾಲ್ದಾರ್ ದರ್ಜೆಯವರೆಗೆ. ಒಂದನೇ ತರಗತಿಯಿಂದ ಪದವಿಯವರೆಗೆ, ಇಬ್ಬರು ಮಕ್ಕಳಿಗೆ, ತಲಾ ತಿಂಗಳಿಗೆ 2,000 ರೂಪಾಯಿ. ಮಗು ತೇರ್ಗಡೆಯಾದ ತರಗತಿಯ ಅಂಕಪಟ್ಟಿ ಬೇಕು. ಅದೇ ಓದಿಗೆ ಸರ್ಕಾರದ ಬೇರೆ ವಿದ್ಯಾರ್ಥಿವೇತನ ಪಡೆಯುತ್ತಿಲ್ಲವೆಂದು ಘೋಷಿಸಬೇಕು. ಪಡೆಯುತ್ತಿದ್ದು ಮುಚ್ಚಿಟ್ಟರೆ ಎರಡಕ್ಕೂ ಕುತ್ತು.

ಮದುವೆ ಸಹಾಯಧನ: ಇಬ್ಬರು ಹೆಣ್ಣುಮಕ್ಕಳವರೆಗೆ, ಮತ್ತು ವಿಧವೆಯ ಮರುಮದುವೆಗೆ, 1 ಲಕ್ಷ ರೂಪಾಯಿ. ಹೊಸ ಮೊತ್ತ ಆದೇಶದ ನಂತರ ನಡೆದ ಮದುವೆಗಳಿಗೆ. ಮದುವೆಯಾದ 180 ದಿನಗಳೊಳಗೆ ಅರ್ಜಿ ಹಾಕಬೇಕು. ಮದುವೆ ನೋಂದಣಿಯನ್ನು ‘ಮುಂದೆ ನೋಡೋಣ’ ಎಂದು ತಳ್ಳಿದ ಅಪ್ಪಂದಿರು ಇಲ್ಲೇ ಹಣ ಕಳೆದುಕೊಳ್ಳುತ್ತಾರೆ. ಬೀಗರ ಮನೆಯ ಸತ್ಕಾರ ಮುಗಿಯುತ್ತಲೇ ಉಪನೋಂದಣಾಧಿಕಾರಿ ಕಚೇರಿಗೆ ಹೋಗಿ ಬನ್ನಿ.

ಪ್ರಧಾನಮಂತ್ರಿ ವಿದ್ಯಾರ್ಥಿವೇತನ: ವೃತ್ತಿಪರ ಪದವಿಯ ಮೊದಲ ವರ್ಷಕ್ಕೆ ಸೇರಿದ ಮಕ್ಕಳಿಗೆ. ಪಿಯುಸಿ, ಡಿಪ್ಲೊಮಾ ಹೀಗೆ ಪ್ರವೇಶಕ್ಕೆ ಬೇಕಾದ ಪರೀಕ್ಷೆಯಲ್ಲಿ ಕನಿಷ್ಠ ಶೇ 60 ಅಂಕ ಬೇಕು. ಹೆಣ್ಣುಮಕ್ಕಳಿಗೆ ತಿಂಗಳಿಗೆ 3,000, ಗಂಡುಮಕ್ಕಳಿಗೆ 2,500 ರೂಪಾಯಿ. ಇಲ್ಲಿ ಹವಾಲ್ದಾರ್ ದರ್ಜೆಯ ಮಿತಿಯಿಲ್ಲ. ಮೂರು ಕಾಗದಗಳು ಒಟ್ಟಿಗೆ ಬೇಕು: ಸೈನಿಕ ಕಲ್ಯಾಣ ಕಚೇರಿಯ ಪ್ರಮಾಣಪತ್ರ, ಕಾಲೇಜಿನ ಮುಖ್ಯಸ್ಥರು ಸಹಿ ಮಾಡಿದ ವ್ಯಾಸಂಗ ಪತ್ರ, ಬ್ಯಾಂಕಿನ ಪತ್ರ. ಖಾತೆ ವಿದ್ಯಾರ್ಥಿಯ ಹೆಸರಿನಲ್ಲೇ ಇರಬೇಕು. ಅಪ್ಪನ ಖಾತೆ ಕೊಟ್ಟರೆ ಅರ್ಜಿ ಹಿಂದಕ್ಕೆ ಬರುತ್ತದೆ. ಎರಡನೇ ವರ್ಷದಲ್ಲಿ ನೆನಪಾದರೆ ಪ್ರಯೋಜನವಿಲ್ಲ.

ಸಿಇಟಿ ಮೀಸಲಾತಿ: ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಅರ್ಜಿ ತುಂಬುವಾಗಲೇ ಮಾಜಿ ಸೈನಿಕರ ಕೋಟಾದ ಅಂಕಣದಲ್ಲಿ ಗುರುತು ಹಾಕಬೇಕು. ಗುರುತು ಹಾಕದೆ ರ‍್ಯಾಂಕ್ ಬಂದ ಮೇಲೆ ಪ್ರಮಾಣಪತ್ರ ಹಿಡಿದು ಓಡಿದವರ ಮುಖ ನೋಡಲಾಗುವುದಿಲ್ಲ. ಸಿಇಟಿ ಕಾಲದಲ್ಲಿ ಜಿಲ್ಲಾ ಕಚೇರಿಯಲ್ಲಿ ನೂಕುನುಗ್ಗಲಿರುತ್ತದೆ, ಆದ್ದರಿಂದ ಪ್ರಮಾಣಪತ್ರವನ್ನು ಮುಂಚೆಯೇ ಮಾಡಿಸಿಕೊಳ್ಳಿ.

ಸರ್ಕಾರಿ ನೌಕರಿ: ಕೇಂದ್ರದಲ್ಲಿ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 10 ಮೀಸಲು. ರಾಜ್ಯದ ನೇಮಕಾತಿಗಳಲ್ಲೂ ಮಾಜಿ ಸೈನಿಕರಿಗೆ ಮೀಸಲಾತಿ ಇದೆ. ವಯಸ್ಸಿನ ಲೆಕ್ಕದಲ್ಲಿ ಸೇವೆ ಮಾಡಿದ ವರ್ಷಗಳಿಗೆ 3 ಸೇರಿಸಿ ಗರಿಷ್ಠ ಮಿತಿ ಸಡಿಲಿಸುತ್ತಾರೆ. ಅಧಿಸೂಚನೆ ಬಂದ ದಿನ ಬೇಕಾಗುವ ಕಾಗದ ಇಷ್ಟೇ: ಡಿಸ್ಚಾರ್ಜ್ ಬುಕ್, ಗುರುತಿನ ಚೀಟಿ.

ಜಮೀನಿನ ವಿಷಯದಲ್ಲಿ ಒಂದೇ ಮಾತು. 1969ರ ಭೂ ಮಂಜೂರಾತಿ ನಿಯಮಗಳಡಿ ಅರ್ಜಿ ತಹಶೀಲ್ದಾರರಿಗೆ. ಮಂಜೂರು ಮಾಡಲು ತಾಲ್ಲೂಕಿನಲ್ಲಿ ಸರ್ಕಾರಿ ಜಮೀನು ಉಳಿದಿರಬೇಕು. ಯಾರಾದರೂ ‘ಸೈನಿಕ ಕೋಟಾದಲ್ಲಿ ನಾಲ್ಕು ಎಕರೆ ಮಾಡಿಸಿಕೊಡುತ್ತೇನೆ, ಮುಂಗಡ ಕೊಡಿ’ ಎಂದರೆ ಕಾಫಿ ಕುಡಿಸಿ ಕಳುಹಿಸಿ.

ಹಂತ 6: ಅರ್ಜಿಯ ಬೆನ್ನು ಹತ್ತುವುದು

ಅರ್ಜಿ ಸಲ್ಲಿಸಿದ ದಿನವೇ ಸ್ವೀಕೃತಿ ಸಂಖ್ಯೆಯನ್ನು ಫೈಲಿನ ಮೇಲೆ ಬರೆಯಿರಿ. ಹದಿನೈದು ದಿನಕ್ಕೊಮ್ಮೆ ಪೋರ್ಟಲ್‌ನಲ್ಲಿ ಸ್ಥಿತಿ ನೋಡಿ. ‘ಜಿಲ್ಲಾ ಕಚೇರಿಯಲ್ಲಿ ಬಾಕಿ’ ಎಂದು ಕಂಡರೆ ಮೂಲ ದಾಖಲೆ ತೋರಿಸಲು ನಿಮ್ಮನ್ನು ಕರೆದಿದ್ದಾರೆಯೇ ವಿಚಾರಿಸಿ. ಆಕ್ಷೇಪಣೆ ಬಂದಿದ್ದರೆ ಅದರ ಪೂರ್ತಿ ವಾಕ್ಯ ಬರೆದುಕೊಂಡು, ಕೇಳಿದ ಕಾಗದವನ್ನಷ್ಟೇ ಮತ್ತೆ ಸೇರಿಸಿ ಸಲ್ಲಿಸಿ. ಹೊಸ ಅರ್ಜಿ ಹಾಕಬೇಡಿ, ಎರಡು ಅರ್ಜಿ ಒಂದನ್ನೊಂದು ತಡೆಯುತ್ತವೆ.

ಜೆರಾಕ್ಸ್ ಪ್ರತಿಯ ಫೋಟೋ ಹೊಡೆದು ಏರಿಸುವುದು ಆಕ್ಷೇಪಣೆಗೆ ದೊಡ್ಡ ಕಾರಣ. ಮೂಲ ಕಾಗದವನ್ನೇ ಸ್ಕ್ಯಾನ್ ಮಾಡಿ. ಮೊಹರು ಓದಲು ಬರುವಂತಿರಬೇಕು.

ದೆಹಲಿಯಲ್ಲಿ ಒಪ್ಪಿಗೆಯಾದ ಮೇಲೂ ಹಣ ಬರಲು ತಿಂಗಳುಗಳಾಗುತ್ತವೆ. ಆ ಮಧ್ಯೆ ಬ್ಯಾಂಕ್ ಖಾತೆ ಬದಲಿಸಬೇಡಿ. ಬ್ಯಾಂಕುಗಳು ವಿಲೀನವಾಗಿ ಐಎಫ್‌ಎಸ್‌ಸಿ ಬದಲಾಗಿದ್ದರಿಂದ ಮಂಜೂರಾದ ಹಣ ಹಿಂದಿರುಗಿದ್ದು ಉಂಟು.

ಹಂತ 7: ಸ್ಪರ್ಶ್ ಮತ್ತು ಜೀವಂತ ಪ್ರಮಾಣಪತ್ರ

ಪಿಂಚಣಿ ಬ್ಯಾಂಕಿನಿಂದ ಸ್ಪರ್ಶ್‌ಗೆ ವರ್ಗವಾದವರು ಮೊದಲ ಸಲ ಲಾಗಿನ್ ಆದಾಗ ತಮ್ಮ ವಿವರಗಳನ್ನೆಲ್ಲ ಓದಿ ಒಪ್ಪಿಗೆ ಕೊಡಬೇಕು. ಹೆಸರು, ದರ್ಜೆ, ಗುಂಪು, ಸೇವೆಯ ವರ್ಷ, ಹೆಂಡತಿಯ ವಿವರ: ಒಂದೊಂದನ್ನೂ ಪಿಪಿಒ ಜೊತೆ ತಾಳೆ ನೋಡಿ. ಮೊಮ್ಮಗನ ಕೈಗೆ ಮೊಬೈಲ್ ಕೊಟ್ಟು ‘ಓಕೆ ಒತ್ತು’ ಎನ್ನಬೇಡಿ. ಒಂದು ದರ್ಜೆ ಒಂದು ಪಿಂಚಣಿಯ ಪಟ್ಟಿ 2014, 2019, 2024ರ ಜುಲೈ 1ರಿಂದ ಪರಿಷ್ಕರಣೆಯಾಗಿದೆ. ನಿಮ್ಮ ದರ್ಜೆಯೋ ಸೇವಾ ವರ್ಷವೋ ತಪ್ಪಾಗಿ ಕುಳಿತರೆ ಪಟ್ಟಿಯ ಬೇರೆ ಸಾಲಿನ ಮೊತ್ತ ಬರುತ್ತದೆ.

ಜೀವಂತ ಪ್ರಮಾಣಪತ್ರವನ್ನು ವರ್ಷಕ್ಕೊಮ್ಮೆ ಕೊಡಬೇಕು. ‘ಜೀವನ್ ಪ್ರಮಾಣ್’ ಆಪ್ ಮತ್ತು ಆಧಾರಿನ ಮುಖ ಗುರುತಿಸುವ ಆಪ್ ಎರಡೂ ಇದ್ದರೆ ಮನೆಯ ಜಗಲಿಯಲ್ಲೇ ಆಗುತ್ತದೆ. ಮುಖದ ಮೇಲೆ ಬೆಳಕು ಬೀಳುವಂತೆ ಕುಳಿತುಕೊಳ್ಳಿ. ಇಲ್ಲಿ ಜನ ತಪ್ಪುವ ಜಾಗ ಒಂದಿದೆ. ಪಿಂಚಣಿ ಮಂಜೂರು ಮಾಡಿದವರು ಯಾರು ಎಂಬಲ್ಲಿ ಪಿಸಿಡಿಎ ಪಿಂಚಣಿ, ಅಲಹಾಬಾದ್ ಎಂದೂ, ಹಣ ವಿತರಿಸುವವರು ಯಾರು ಎಂಬಲ್ಲಿ ಸ್ಪರ್ಶ್ ಇರುವ ಸಾಲನ್ನೂ ಆರಿಸಬೇಕು. ಹಣ ಬರುವುದು ಸ್ಟೇಟ್ ಬ್ಯಾಂಕಿಗೆ ತಾನೇ ಎಂದು ಬ್ಯಾಂಕಿನ ಹೆಸರು ಆರಿಸಿದರೆ ಪ್ರಮಾಣಪತ್ರ ಬ್ಯಾಂಕಿಗೆ ಹೋಗಿ ಬೀಳುತ್ತದೆ, ಇತ್ತ ಪಿಂಚಣಿ ನಿಲ್ಲುತ್ತದೆ. ಊರುಗಳು ಹೆಸರು ಬದಲಿಸಿಕೊಂಡರೂ ಆಪ್‌ನ ಪಟ್ಟಿಯಲ್ಲಿ ಅಲಹಾಬಾದ್ ಎಂದೇ ಇದೆ. ಪ್ರಯಾಗರಾಜ್ ಹುಡುಕುತ್ತ ಕೂರಬೇಡಿ.

ಮೊಬೈಲ್ ಬಾರದವರು ಸಾಮಾನ್ಯ ಸೇವಾ ಕೇಂದ್ರಕ್ಕೆ ಹೋಗಬಹುದು.

ಎಚ್ಚರ: ‘ಪಿಂಚಣಿ ನಿಲ್ಲುತ್ತದೆ, ಒಟಿಪಿ ಹೇಳಿ’ ಎಂದು ಬರುವ ಕರೆ ಮೋಸದ್ದು. ಕಚೇರಿಯವರು ಒಟಿಪಿ ಕೇಳುವುದಿಲ್ಲ. ‘ಬಾಕಿ ಹಣ ತರಿಸಿಕೊಡುತ್ತೇನೆ, ಶೇಕಡ ಇಷ್ಟು ಕೊಡಿ’ ಎಂದು ಡಿಸ್ಚಾರ್ಜ್ ಬುಕ್ಕಿನ ಮೂಲ ಪ್ರತಿಯನ್ನೇ ಇಟ್ಟುಕೊಳ್ಳುವವರೂ ಇದ್ದಾರೆ. ಸೈನಿಕ ಕಲ್ಯಾಣ ಕಚೇರಿ ಮೂಲ ದಾಖಲೆಯನ್ನು ನೋಡಿ, ಅಲ್ಲೇ ಹಿಂದಿರುಗಿಸುತ್ತದೆ.

ಹಂತ 8: ಸೈನಿಕ ತೀರಿಕೊಂಡಾಗ ಮನೆಯವರು ಮಾಡಬೇಕಾದದ್ದು

ಇದನ್ನು ಹೆಂಡತಿಯೂ ಮಕ್ಕಳೂ ಓದಬೇಕು. ಬೇಕಿದ್ದರೆ ಜೋರಾಗಿ ಓದಿ ಹೇಳಿ.

ಮೊದಲು, 21 ದಿನಗಳೊಳಗೆ ಮರಣ ನೋಂದಣಿ ಮಾಡಿಸಿ. ಮರಣ ಪ್ರಮಾಣಪತ್ರದಲ್ಲಿ ಹೆಸರು ಪಿಪಿಒನಲ್ಲಿ ಇರುವಂತೆಯೇ ಬರಲಿ. ಊರಿನಲ್ಲಿ ಕರೆಯುವ ಹೆಸರನ್ನು ಯಾರೋ ನೆಂಟರು ಬರೆಸಿ ಬಂದರೆ ಹಂತ 2ರ ಗೋಳು ಮತ್ತೆ ಶುರು.

ಎರಡನೆಯದು, ತೀರಿಕೊಂಡ ದಿನದ ನಂತರ ಖಾತೆಗೆ ಬೀಳುವ ಪಿಂಚಣಿ ಹಣವನ್ನು ತೆಗೆಯಬೇಡಿ. ಎಟಿಎಂ ಕಾರ್ಡ್ ಮಗನ ಜೇಬಿನಲ್ಲಿರುತ್ತದೆ, ತಿಥಿ ಖರ್ಚು ಎದುರಿಗಿರುತ್ತದೆ. ಆದರೆ ಆ ಹಣವನ್ನು ಮುಂದೆ ತಾಯಿಯ ಕುಟುಂಬ ಪಿಂಚಣಿಯಲ್ಲಿ ಹಿಡಿಯುತ್ತಾರೆ. ಮರಣದ ಸುದ್ದಿಯನ್ನು ಸ್ಪರ್ಶ್‌ಗೆ ಕೂಡಲೇ ತಿಳಿಸಿದರೆ ಈ ತೊಡಕೇ ಇಲ್ಲ.

ಮೂರನೆಯದು, ಮರಣ ಪ್ರಮಾಣಪತ್ರ, ಪಿಪಿಒ, ಹೆಂಡತಿಯ ಆಧಾರ್, ಪ್ಯಾನ್, ಅವರ ಹೆಸರಿನ ಬ್ಯಾಂಕ್ ಖಾತೆಯ ವಿವರ ಮತ್ತು ಫೋಟೋ ಹಿಡಿದು ಸೈನಿಕ ಕಲ್ಯಾಣ ಕಚೇರಿಗೆ ಹೋಗಿ. ಹೆಂಡತಿಯ ಹೆಸರು ಪಿಂಚಣಿ ದಾಖಲೆಯಲ್ಲಿದ್ದರೆ ಕುಟುಂಬ ಪಿಂಚಣಿಯ ಕೋರಿಕೆಯನ್ನು ಸ್ಪರ್ಶ್‌ನಲ್ಲೇ ಹಾಕಬಹುದು. ಹೆಸರಿಲ್ಲದಿದ್ದರೆ ರೆಕಾರ್ಡ್ ಆಫೀಸಿನ ದಾರಿ. ಆಗ ನಾಡಕಚೇರಿಯ ವಂಶವೃಕ್ಷ ಪ್ರಮಾಣಪತ್ರವೂ ಬೇಕಾಗುತ್ತದೆ. ಎರಡನೆಯ ಮದುವೆಯ ವಿವಾದವಿದ್ದರೆ ಕಚೇರಿ ತೀರ್ಮಾನಿಸುವುದಿಲ್ಲ, ನ್ಯಾಯಾಲಯಕ್ಕೆ ಹೋಗಬೇಕಾಗಬಹುದು.

ಮೊತ್ತದ ಬಗ್ಗೆ ತಿಳಿದಿರಿ. ನಿವೃತ್ತರು ತೀರಿಕೊಂಡರೆ ಸಾಮಾನ್ಯ ಕುಟುಂಬ ಪಿಂಚಣಿ ಕೊನೆಯ ವೇತನದ ಶೇ 30. ಮೊದಲ 7 ವರ್ಷ, ಇಲ್ಲವೇ ತೀರಿಕೊಂಡವರಿಗೆ 67 ತುಂಬುತ್ತಿದ್ದ ದಿನದವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಹೆಚ್ಚಿನ ದರವಿದೆ. ಆ ಅವಧಿ ಮುಗಿದಾಗ ಪಿಂಚಣಿ ಥಟ್ಟನೆ ಇಳಿಯುತ್ತದೆ. ‘ಯಾರೋ ನನ್ನ ಪಿಂಚಣಿ ಕತ್ತರಿಸಿದರು’ ಎಂದು ಅಳುತ್ತ ಬಂದ ತಾಯಂದಿರಿಗೆ ಇದನ್ನು ಮೊದಲೇ ಯಾರೂ ಹೇಳಿರಲಿಲ್ಲ. ಸೇವೆಯಲ್ಲಿರುವಾಗಲೇ, ಸೇವೆಯ ಕಾರಣದಿಂದ ಸಾವಾಗಿದ್ದರೆ ಶೇ 60ರ ವಿಶೇಷ ಪಿಂಚಣಿ. ಯುದ್ಧ, ಕಾರ್ಯಾಚರಣೆಯಲ್ಲಿ ಆಗಿದ್ದರೆ ಪೂರ್ಣ ವೇತನದಷ್ಟು.

ಕೊನೆಗೆ, ಕುಟುಂಬ ಪಿಂಚಣಿ ಆದೇಶ ಕೈಗೆ ಬಂದ ಮೇಲೆ ಇದೇ ಕ್ರಮದಲ್ಲಿ ನಡೆಯಿರಿ: ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಧವೆಯ ಗುರುತಿನ ಚೀಟಿ, ನಂತರ ಇಸಿಎಚ್‌ಎಸ್ ಕಾರ್ಡಿನ ಬದಲಾವಣೆ, ಆಮೇಲೆ ಕ್ಯಾಂಟೀನ್ ಕಾರ್ಡ್. ಕಾರ್ಡ್ ಬದಲಾಗುವ ಮಧ್ಯೆ ಅವರಿಗೆ ಆಸ್ಪತ್ರೆ ಬೇಕಾದರೆ ಮೊದಲು ಪಾಲಿಕ್ಲಿನಿಕ್‌ಗೆ ಹೋಗಿ. ತುರ್ತಿನಲ್ಲಿ ಇಸಿಎಚ್‌ಎಸ್ ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ಸೇರಿಸಿದ್ದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಿ, ತಿಳಿಸಿದ ಸಮಯ ಮತ್ತು ಮಾತನಾಡಿದವರ ಹೆಸರನ್ನು ಆಸ್ಪತ್ರೆಯ ಚೀಟಿಯ ಹಿಂದೆಯೇ ಬರೆದಿಟ್ಟುಕೊಳ್ಳಿ. ಬಿಲ್ಲಿನ ಹಣ ಕೇಳುವ ದಿನ ಮೊದಲು ಕೇಳುವುದು ಅದನ್ನೇ.